ಕೈ ಆಡಿದ ಮಾತು

"ನಿದ್ದೆ ಹೇಗಿದೆ?" ಎಂದು ಚರ್ಮದ ಡಾಕ್ಟರು ಕೇಳಿದರು.

ಅವಳು ಎರಡೂ ಕೈಗಳನ್ನು ಮೇಜಿನ ದೀಪದ ಕೆಳಗೆ ಚಾಚಿಕೊಂಡು ಕೂತಿದ್ದಳು. ಬೆರಳ ಗೆಣ್ಣುಗಳ ಮೇಲೆ, ಹಸ್ತದ ಹಿಂಬದಿಯಲ್ಲಿ, ಅಲ್ಲಿಂದ ಮೊಣಕೈವರೆಗೂ ಕೆಂಪು ತೇಪೆಗಳು, ಅವುಗಳ ಮೇಲೆ ಬೆಳ್ಳನೆಯ ಹೊಟ್ಟು. ಉಗುರುಗಳಲ್ಲಿ ಗುಂಡುಸೂಜಿಯ ತುದಿಯಿಂದ ಒತ್ತಿದಂಥ ಸಣ್ಣ ಸಣ್ಣ ಕುಳಿಗಳು. ಬಲಗೈ ಹೆಬ್ಬೆರಳ ಬುಡದಲ್ಲಿ ಚರ್ಮ ಬಿರಿದಿತ್ತು. ಕೈ ತೋರಿಸಲು ಬಂದವಳನ್ನು ನಿದ್ದೆಯ ಬಗ್ಗೆ ಕೇಳಿದ್ದು ಅವಳಿಗೆ ಹಿಡಿಸಲಿಲ್ಲ.

"ಪರವಾಗಿಲ್ಲ," ಎಂದಳು.

"ಪರವಾಗಿಲ್ಲ ಅಂದ್ರೆ ಎಷ್ಟು ಗಂಟೆ?"

"ಮೂರು, ನಾಲ್ಕು. ತುರಿಕೆಗೆ ಎಚ್ಚರ ಆಗುತ್ತೆ."

"ತುರಿಕೆ ಇಲ್ಲದ ದಿನ?"

ಅವಳು ದೀಪದ ಕಡೆ ಮುಖ ತಿರುಗಿಸಿದಳು. ಡಾಕ್ಟರು ಐವತ್ತು ದಾಟಿದ ಹೆಂಗಸು. ಬರಿಗೈಯಲ್ಲೇ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು, ತಿರುಗಿಸಿ, ಉಗುರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಯಾರಾದರೂ ತನ್ನ ಕೈ ಮುಟ್ಟಿ ಎಷ್ಟು ದಿನವಾಗಿತ್ತು ಎಂದು ಅವಳು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

"ಇಪ್ಪತ್ತನೇ ವಯಸ್ಸಿಗೆ ಮೊಣಕೈ ಮೇಲೆ ಒಂದು ಬಿಲ್ಲೆಯಷ್ಟಿತ್ತು ಅಂತೀರಿ. ಹದಿನೇಳು ವರ್ಷ ತನ್ನ ಪಾಡಿಗೆ ತಾನಿದ್ದದ್ದು, ಹೋದ ವರ್ಷ ಇದ್ದಕ್ಕಿದ್ದ ಹಾಗೆ ಕೈಯೆಲ್ಲ ಹಬ್ಬಿದೆ. ಆ ಹೊತ್ತಿಗೆ ಏನಾದ್ರೂ ಆಗಿತ್ತಾ?"

"ಏನೂ ಆಗಿರಲಿಲ್ಲ."

ಡಾಕ್ಟರು ಅವಳ ಕೈ ಬಿಟ್ಟು ಕುರ್ಚಿಗೆ ಒರಗಿದರು. "ನೋಡಿ, ಸೋರಿಯಾಸಿಸ್ ಮನಸ್ಸಿನಿಂದಲೇ ಬರುತ್ತೆ ಅಂತ ನಾನು ಹೇಳ್ತಿಲ್ಲ. ನಿಮಗೆ ಮೊದಲೇ ಇತ್ತು. ಆದ್ರೆ ಎರಡೂ ಒಂದಕ್ಕೊಂದು ಕಿತಾಪತಿ ಮಾಡ್ತವೆ. ಮನಸ್ಸು ಕೆಟ್ಟಾಗ ಚರ್ಮ ಕೆರಳುತ್ತೆ. ಚರ್ಮ ಕೆರಳಿದ್ರೆ ನಾಲ್ಕು ಜನರ ಮುಂದೆ ಹೋಗೋಕಾಗಲ್ಲ, ಮೂಲೆ ಹಿಡಿದು ಕೂರ್ತೀವಿ, ಮನಸ್ಸು ಇನ್ನೂ ಕೆಡುತ್ತೆ. ನಾನು ಬರೀ ಮುಲಾಮು ಬರೆದುಕೊಟ್ರೆ ಅರ್ಧ ಕೆಲಸ ಮಾಡಿದ ಹಾಗೆ." ಅವರು ಮುಲಾಮು, ಮಾತ್ರೆ ಬರೆದು, ಇನ್ನೊಂದು ಚೀಟಿಯಲ್ಲಿ ಆಸ್ಪತ್ರೆಯ ಎರಡನೇ ಮಹಡಿಯ ಆಪ್ತಸಲಹೆಗಾರರ ಹೆಸರು, ಗುರುವಾರ ಹನ್ನೊಂದು ಗಂಟೆ ಎಂದು ಬರೆದುಕೊಟ್ಟರು.

ಕೈ ಸರಿಯಿಲ್ಲ ಅಂತ ಬಂದರೆ ತಲೆ ಸರಿಯಿಲ್ಲ ಅಂತಾರಲ್ಲ ಎಂದು ಗೊಣಗಿಕೊಳ್ಳುತ್ತ ಅವಳು ಮೆಟ್ಟಿಲಿಳಿದಳು. ಲಿಫ್ಟಿನಲ್ಲಿ ಹೋಗುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಲಿಫ್ಟಿನಲ್ಲಿ ಗುಂಡಿ ಒತ್ತಬೇಕು, ಒತ್ತುವ ಬೆರಳನ್ನು ಎಲ್ಲರೂ ನೋಡುತ್ತಾರೆ.

ಅವಳ ಕೆಲಸವೂ ಅದೇ ಆಸ್ಪತ್ರೆಯಲ್ಲಿ. ಹನ್ನೆರಡು ವರ್ಷ ಅವಳು ಅಲ್ಲಿ ದುಭಾಷಿಯಾಗಿದ್ದಳು. ಕಿವಿ ಕೇಳದ ರೋಗಿಗಳಿಗೆ ಡಾಕ್ಟರ ಮಾತನ್ನು ಸನ್ನೆಗಳಲ್ಲಿ ತಿಳಿಸುವುದು, ಅವರ ಸನ್ನೆಗಳನ್ನು ಡಾಕ್ಟರಿಗೆ ಮಾತಿನಲ್ಲಿ ತಿಳಿಸುವುದು. ವಾರ್ಡುಗಳಲ್ಲಿ ಎಲ್ಲರೂ ಅವಳನ್ನು ಸನ್ನೆ ಮೇಡಂ ಎನ್ನುತ್ತಿದ್ದರು. ಅವಳ ತಂದೆತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಬಾಯಿ ತೊದಲುವುದಕ್ಕೆ ಮುಂಚೆಯೇ ಅವಳ ಕೈ ತೊದಲಿತ್ತು.

ಈ ಕಾಯಿಲೆ ಕಾಲಿಗೋ ಬೆನ್ನಿಗೋ ಬಂದಿದ್ದರೆ ಬಟ್ಟೆಯ ಮರೆಯಲ್ಲಿ ದಿನ ದೂಡಬಹುದಿತ್ತು. ಕೇಳುವವರಾದರೆ ಮುಖ ಬೇರೆ ಕಡೆ ತಿರುಗಿಸಿಕೊಂಡೂ ಕೇಳುತ್ತಾರೆ. ಕಿವಿ ಕೇಳದವರು ಕೈಯಿಂದ ಕಣ್ಣು ತೆಗೆಯುವ ಹಾಗಿಲ್ಲ. ಒಬ್ಬ ಅಜ್ಜ ಅವಳು ಹೇಳುತ್ತಿದ್ದುದನ್ನು ಬಿಟ್ಟು ಬರೀ ಅವಳ ಗೆಣ್ಣುಗಳನ್ನೇ ನೋಡುತ್ತಿದ್ದ. ಒಬ್ಬ ಹುಡುಗಿ ತನ್ನ ಕುರ್ಚಿಯನ್ನು ಮೆಲ್ಲಗೆ ಅರ್ಧ ಗೇಣು ಹಿಂದಕ್ಕೆ ಎಳೆದುಕೊಂಡಳು. ಅವತ್ತೇ ಅವಳು ದಾಖಲೆ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟಳು. ನೆಲಮಾಳಿಗೆಯ ಆ ಕೋಣೆಯಲ್ಲಿ ಹಳೆಯ ಕಡತಗಳು, ಒಂದು ಫ್ಯಾನು, ಉದ್ದ ತೋಳಿನ ಅಂಗಿ ಹಾಕಿಕೊಂಡು ಕೂತ ಅವಳು. ಸೆಖೆಗೆ ತೋಳು ಬೆವತರೆ ತುರಿಕೆ ಇಮ್ಮಡಿ. ಆದರೂ ನೋಡುವವರಿಲ್ಲ ಎಂಬುದೊಂದು ನೆಮ್ಮದಿ.

ಮನೆಯಲ್ಲಿ ನೋಡುವವನು ಒಬ್ಬನಿದ್ದ. ಅವಳ ಅಪ್ಪನಿಗೆ ಎಪ್ಪತ್ತು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷಗಳಾಗಿದ್ದರೂ ಅವನ ಬೆರಳ ಸಂದುಗಳಿಂದ ಅಂಟಿನ ಬಣ್ಣ ಹೋಗಿರಲಿಲ್ಲ. ಅವತ್ತು ಸಂಜೆ ಅವಳು ಬಾಗಿಲ ಪಕ್ಕದ ಸ್ವಿಚ್ಚನ್ನು ಎರಡು ಸಲ ಹಾಕಿ ಆರಿಸಿ ತಾನು ಬಂದೆನೆಂದು ತಿಳಿಸಿದಳು. ಅಪ್ಪ ಒಳಗಿನಿಂದ ಬಂದು ಎಂದಿನಂತೆ ದೊಡ್ಡ ದೊಡ್ಡ ಕೈಗಳಲ್ಲಿ ದಿನದ ವರದಿ ಒಪ್ಪಿಸಿದ. ಪಕ್ಕದ ಮನೆಯವರ ಬೆಕ್ಕು ಮರಿ ಹಾಕಿದೆ. ನಲ್ಲಿ ಸೋರುತ್ತಿದೆ. ಡಾಕ್ಟರು ಏನಂದರು?

ಅಷ್ಟರಲ್ಲಿ ಅವಳು ಮುಲಾಮು ಹಚ್ಚಿ ಹತ್ತಿಯ ಕೈಗವಸು ಹಾಕಿಕೊಂಡಾಗಿತ್ತು. ಗವಸಿನ ಕೈಯಲ್ಲಿ ಮಾತಾಡುವುದೆಂದರೆ ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡಿದಂತೆ. ಮಡಿಲ ಮೇಲೇ ಚಿಕ್ಕದಾಗಿ, "ಮುಲಾಮು ಕೊಟ್ಟಿದಾರೆ," ಎಂದಳು.

ಅಪ್ಪ ಮೇಜು ತಟ್ಟಿದ. "ಗೊಣಗಬೇಡ. ಬಿಡಿಸಿ ಹೇಳು."

"ಮುಲಾಮು ಅಂದೆ."

"ಈ ಮನೆಯಲ್ಲಿ ಇರೋರು ಇಬ್ಬರು. ಒಬ್ಬನಿಗೆ ಕಿವಿ ಕೇಳಲ್ಲ, ಇನ್ನೊಬ್ಬಳು ಮಾತಾಡಲ್ಲ. ಗೋಡೆಗಳಿಗೇ ಬೇಜಾರು ಬಂದಿರಬೇಕು," ಎಂದ ಅಪ್ಪ. ಅವಳು ನಕ್ಕಂತೆ ಮಾಡಿ ಎದ್ದುಹೋದಳು. ಮೊದಲಾದರೆ ಊಟ ಆರಿಹೋಗುವ ತನಕ ಅವರಿಬ್ಬರ ಮಾತು ಮುಗಿಯುತ್ತಿರಲಿಲ್ಲ.

ಸೋಮವಾರ ಹನ್ನೊಂದರ ಹೊತ್ತಿಗೆ ಹೆರಿಗೆ ವಾರ್ಡಿನ ಹಿರಿಯ ನರ್ಸು ಏದುಸಿರು ಬಿಡುತ್ತ ನೆಲಮಾಳಿಗೆಗೆ ಇಳಿದುಬಂದಳು. ಗಟ್ಟಿ ಗಂಟಲಿನ, ಯಾರಿಗೂ ಸೊಪ್ಪು ಹಾಕದ ಹೆಂಗಸು.

"ಏನ್ ಮೇಡಂ, ಫೋನು ಬಡ್ಕೊಂಡು ಬಡ್ಕೊಂಡು ಸಾಕಾಯ್ತು ನಂಗೆ. ಮೇಲೆ ಒಬ್ಬಳು ಬಸುರಿ ಬಂದಿದಾಳೆ, ಕಿವಿ ಕೇಳಲ್ಲ. ಬಿ.ಪಿ. ಏರ್ತಾ ಇದೆ, ಎಂಟು ತಿಂಗಳಿಗೇ ಆಪರೇಷನ್ ಮಾಡಬೇಕು. ಸಹಿ ಹಾಕು ಅಂದ್ರೆ ಹಾಕಲ್ಲ. ಮೊಬೈಲಲ್ಲಿ ಬೇರೆ ದುಭಾಷಿಯನ್ನ ತೋರಿಸಿದ್ವಿ, ಮೊಬೈಲನ್ನ ಆಚೆ ತಳ್ಳಿದ್ಲು. ಪೇಪರ್ ಮೇಲೆ ಬರೆದು ಕೊಟ್ಟಿದಾಳೆ ನೋಡಿ."

ಕಾಗದದಲ್ಲಿ ಒಂದೇ ಸಾಲಿತ್ತು. ಹೋದ ವರ್ಷ ಮಕ್ಕಳ ವಾರ್ಡಿನಲ್ಲಿ ಇದ್ದವರು ಬರಬೇಕು.

ಅವಳಿಗೆ ಯಾರೆಂದು ತಿಳಿಯಿತು. ಕುರ್ಚಿಯಿಂದ ಏಳಲಿಲ್ಲ. ಅಂಗಿಯ ತೋಳು ಮಡಚಿ ಎರಡೂ ಕೈಗಳನ್ನು ನರ್ಸಿನ ಮುಂದೆ ಹಿಡಿದಳು. "ನನ್ನ ಕೈ ನೋಡಿ ಸಿಸ್ಟರ್."

ನರ್ಸು ನೋಡಿದಳು. ಹೆಬ್ಬೆರಳ ಬಿರುಕನ್ನು ಬಗ್ಗಿ ನೋಡಿದಳು. "ಕೀವಿಲ್ಲ, ರಕ್ತ ಇಲ್ಲ. ಐದೈದು ಬೆರಳಿವೆ. ಬನ್ನಿ."

ನಾಲ್ಕು ಮಹಡಿ ಹತ್ತುವಷ್ಟು ಹೊತ್ತೂ ಅವಳ ಕಣ್ಣ ಮುಂದೆ ಹೋದ ವರ್ಷದ ಆ ಕೋಣೆಯೇ ಇತ್ತು. ಬೇಕರಿಯಲ್ಲಿ ಕೆಲಸ ಮಾಡುವ ತಾಯಿ, ಮರಗೆಲಸದ ತಂದೆ, ಇಬ್ಬರಿಗೂ ಕಿವಿ ಕೇಳದು. ಅವರ ನಾಲ್ಕು ವರ್ಷದ ಮಗ ಮಿದುಳು ಜ್ವರದಿಂದ ಮೂರು ದಿನ ಒಳಗಿದ್ದ. ಮೂರನೇ ದಿನ ಬೆಳಿಗ್ಗೆ ಮಕ್ಕಳ ಡಾಕ್ಟರು ಹೊರಗೆ ಬಂದು, ನಮ್ಮ ಕೈಲಾದದ್ದೆಲ್ಲ ಮಾಡಿದೆವು, ಎಷ್ಟು ಪ್ರಯತ್ನ ಪಟ್ಟರೂ ಸ್ಪಂದಿಸಲಿಲ್ಲ, ನೀವು ಧೈರ್ಯ ತಂದುಕೊಳ್ಳಬೇಕು ಎಂದರು. ಅವಳು ಹಾಗೆಯೇ ಹೇಳಿದಳು. ತಾಯಿ ಕಣ್ಣರಳಿಸಿ, "ಅಂದ್ರೆ?" ಎಂದಳು. ಡಾಕ್ಟರು ಮತ್ತೆ ಅದನ್ನೇ ಇನ್ನೊಂದು ರೀತಿಯಲ್ಲಿ ಸುತ್ತಿ ಹೇಳಿದರು. ತಾಯಿ ಮತ್ತೆ, "ಅಂದ್ರೆ? ಈಗ ಎಚ್ಚರ ಆಗಿದೆಯಾ?" ಎಂದಳು.

ಆಗ ಅವಳ ಕೈ ಡಾಕ್ಟರಿಗಾಗಿ ಕಾಯಲಿಲ್ಲ. "ಮಗು ಸತ್ತುಹೋಯಿತು," ಎಂದಿತು.

ದುಭಾಷಿ ತನ್ನ ಕಡೆಯಿಂದ ಒಂದು ಪದವನ್ನೂ ಸೇರಿಸಬಾರದು. ಒಂದು ಪದವನ್ನೂ ಬಿಡಬಾರದು. ರೋಗಿ ನಾನು ಎಂದರೆ ತಾನೂ ನಾನು ಎಂದೇ ಹೇಳಬೇಕು. ಕೋಣೆಯಲ್ಲಿ ನಡೆದದ್ದನ್ನು ಯಾರಿಗೂ ಹೇಳಬಾರದು. ಕಡೆಯ ನಿಯಮವನ್ನು ಅವಳು ಅಪ್ಪನ ಮುಂದೆಯೂ ಮುರಿದಿರಲಿಲ್ಲ. ಮೊದಲನೆಯದನ್ನು ಮುರಿದಿದ್ದಳು. ಡಾಕ್ಟರ ಬಾಯಿಂದ ಆ ಪದ ಬಂದೇ ಇರಲಿಲ್ಲ. ಅದು ಅವಳ ಕೈಯಿಂದ ಬಂದದ್ದು. ತಿಂಗಳು ಕಳೆಯುವುದರೊಳಗೆ ಗೆಣ್ಣುಗಳ ಮೇಲೆ ಮೊದಲ ಕೆಂಪು ಕಂಡಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಬರಬೇಕಾದಲ್ಲಿಗೇ ಬಂದಿದೆ ಎಂದುಕೊಂಡಳು. ಇದು ಹುಚ್ಚು ಯೋಚನೆಯೆಂದು ಗೊತ್ತಿತ್ತು. ಹುಚ್ಚೆಂದು ಗೊತ್ತಿದ್ದ ಮಾತ್ರಕ್ಕೆ ಅದು ಬಿಟ್ಟುಹೋಗಲಿಲ್ಲ.

ವಾರ್ಡಿನ ಕೊನೆಯ ಮಂಚದಲ್ಲಿ ಬೇಕರಿಯಾಕೆ ದಿಂಬಿಗೆ ಒರಗಿ ಕೂತಿದ್ದಳು. ಮುಖ, ಕಾಲು ಊದಿಕೊಂಡಿದ್ದವು. ಪಕ್ಕದಲ್ಲಿ ಗಂಡ ನಿಂತಿದ್ದ, ಅವನ ಅಂಗಿಯ ಜೇಬಿನಲ್ಲಿ ಮರಕ್ಕೆ ಗುರುತು ಹಾಕುವ ಪೆನ್ಸಿಲು ಇನ್ನೂ ಇತ್ತು. ಅವಳನ್ನು ಕಂಡೊಡನೆ ಬೇಕರಿಯಾಕೆಯ ಕಣ್ಣು ಮುಖದಿಂದ ಕೈಗಳಿಗೆ ಇಳಿಯಿತು. ಅಲ್ಲೇ ನಿಂತಿತು.

"ಕೈಗೆ ಏನಾಯ್ತು?"

"ಚರ್ಮದ ಕಾಯಿಲೆ. ಅಂಟಲ್ಲ. ಆದ್ರೂ ನಿಮಗೆ ಬೇಡ ಅನ್ನಿಸಿದ್ರೆ ಬೇರೆಯವರನ್ನ..."

"ನೋಯುತ್ತಾ?"

"ಒಂದೊಂದು ಸಲ."

"ಮಾತಾಡುವಾಗ?"

ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಮನೆಯವರಾಗಲಿ, ಚರ್ಮದ ಡಾಕ್ಟರಾಗಲಿ. "ಹೆಬ್ಬೆರಳು ಅಗಲಿಸಿದಾಗ," ಎಂದಳು.

"ಹಾಗಾದ್ರೆ ಅಗಲಿಸಬೇಡಿ. ನನಗೆ ಗೊತ್ತಾಗುತ್ತೆ," ಎಂದಳು ಬೇಕರಿಯಾಕೆ.

ಹೆರಿಗೆ ಡಾಕ್ಟರು ಇನ್ನೂ ಬಂದಿರಲಿಲ್ಲ. ಕೇಳಬಾರದೆಂದುಕೊಂಡೇ ಅವಳು ಕೇಳಿಬಿಟ್ಟಳು. "ನನ್ನನ್ನೇ ಯಾಕೆ ಕರೆಸಿದ್ರಿ? ಅವತ್ತು ಆ ಮಾತು ಹೇಳಿದ್ದು ನಾನು."

ಬೇಕರಿಯಾಕೆ ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಸನ್ನೆ ಮಾಡುತ್ತ ಹೇಳಿದಳು. "ಅವತ್ತು ಅಲ್ಲಿ ಆರು ಜನ ಇದ್ರು. ಎಲ್ಲರ ಬಾಯಿ ಆಡ್ತಾ ಇತ್ತು. ಯಾರೂ ನನ್ನ ಮುಖ ನೋಡ್ಲಿಲ್ಲ. ನೀವು ಹೇಳದೇ ಇದ್ದಿದ್ರೆ ನಾನು ಅವನು ಎದ್ದೇಳ್ತಾನೆ ಅಂತ ಬಾಗಿಲಲ್ಲೇ ನಿಂತಿರ್ತಿದ್ದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಈಗಲೂ ಒಳಗೆ ಏನಾದ್ರೂ ಆದ್ರೆ ನೀವು ಹೇಳ್ತೀರಿ. ಸುತ್ತಿ ಬಳಸಿ ಹೇಳಲ್ಲ. ಅದಕ್ಕೇ."

ಹೆರಿಗೆ ಡಾಕ್ಟರು ಬಂದರು. ಅಪಾಯ ಏನು, ಅರಿವಳಿಕೆ ಹೇಗೆ, ಮಗು ಎಷ್ಟು ಚಿಕ್ಕದಿರಬಹುದು ಎಂದು ಒಂದೊಂದಾಗಿ ಹೇಳಿದರು. ಆರು ತಿಂಗಳ ಮೇಲೆ ಅವಳ ಕೈ ಎದೆಯ ಮಟ್ಟಕ್ಕೆ ಏರಿತು. ಮೊದಲು ಬಿಗಿಯಾಗಿ, ತುಕ್ಕು ಹಿಡಿದಂತೆ. ಗೆಣ್ಣಿನ ಹೊಟ್ಟು ಹಸಿರು ಹೊದಿಕೆಯ ಮೇಲೆ ಉದುರಿದ್ದು ಅವಳಿಗೆ ಕಂಡಿತು. ಬೇಕರಿಯಾಕೆಗೆ ಕಂಡಿತೋ ಇಲ್ಲವೋ, ಅವಳು ಎರಡು ಪ್ರಶ್ನೆ ಕೇಳಿ, ಉತ್ತರ ನೋಡಿ, ಸಹಿ ಹಾಕಿದಳು.

ಆಪರೇಷನ್ ಕೋಣೆಯೊಳಗೆ ಎಲ್ಲರೂ ಬಾಯಿ ಮೂಗು ಮುಚ್ಚಿಕೊಂಡಿದ್ದರಿಂದ ಬೇಕರಿಯಾಕೆಗೆ ಯಾರ ತುಟಿಯೂ ಕಾಣುತ್ತಿರಲಿಲ್ಲ. ತಲೆಯ ಬಳಿ ಸ್ಟೂಲಿನ ಮೇಲೆ ಕೂತ ದುಭಾಷಿಯ ಕಣ್ಣು, ಅವಳ ಕೈ, ಇಷ್ಟೇ. ಈಗ ಮದ್ದು ಕೊಡ್ತಾರೆ. ಈಗ ಕೊಯ್ತಿದಾರೆ, ಎಳೆದ ಹಾಗಾಗುತ್ತೆ. ಈಗ ಏನೂ ಮಾತಾಡ್ತಿಲ್ಲ, ಕೆಲಸ ಮಾಡ್ತಿದಾರೆ. ಈಗ ಮಗು ಬಂತು. ಹೆಣ್ಣು.

"ಅಳ್ತಾ ಇದೆಯಾ?" ಎಂದು ಬೇಕರಿಯಾಕೆ ಬಿಡುವಿದ್ದ ಬಲಗೈಯಲ್ಲಿ ಕೇಳಿದಳು.

ಅಳುತ್ತಿರಲಿಲ್ಲ. ಮೂಲೆಯ ಮೇಜಿನ ಮೇಲೆ ಇಬ್ಬರು ಬಗ್ಗಿ ನಿಂತು ಮಗುವಿನ ಬೆನ್ನು ಉಜ್ಜುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ಹೇಳದಿದ್ದುದನ್ನು ತಿಳಿಸುವ ಹೊಣೆ ದುಭಾಷಿಯದಲ್ಲ. ಅವಳು ಕೈ ಎತ್ತಿದಳು. "ಇನ್ನೂ ಇಲ್ಲ. ಬೆನ್ನು ಉಜ್ಜುತ್ತಿದಾರೆ. ನಾನು ಕೇಳಿಸಿಕೊಳ್ತಾ ಇದೀನಿ," ಎಂದಳು.

ಬೇಕರಿಯಾಕೆ ಅವಳ ಕೈಗಳಿಂದ ಕಣ್ಣು ಕೀಳಲಿಲ್ಲ. ಹತ್ತು ಕ್ಷಣವೋ ಇಪ್ಪತ್ತು ಕ್ಷಣವೋ ಆ ಕೈಗಳು ಗಾಳಿಯಲ್ಲಿ ಸುಮ್ಮನೆ ನಿಂತಿದ್ದವು. ಆಮೇಲೆ ಮೂಲೆಯಿಂದ ತೆಳ್ಳನೆಯ, ಸಿಡುಕಿನ ಒಂದು ಸದ್ದು ಬಂತು.

"ಅತ್ತಿತು," ಎಂದವು ಕೈಗಳು.

"ಹೇಗೆ?"

ಎಂಥ ಪ್ರಶ್ನೆ ಎಂದುಕೊಂಡಳು. ಹುಟ್ಟಿದಾರಭ್ಯ ಸದ್ದನ್ನೇ ಕೇಳದವಳಿಗೆ ಹೇಗೆ ಹೇಳುವುದು. ಯೋಚಿಸಿ, ಮುಷ್ಟಿ ಕಟ್ಟಿ, ಬಿಡಿಸಿ, ಮತ್ತೆ ಕಟ್ಟಿ, ಹುಬ್ಬು ಗಂಟಿಕ್ಕಿ ತೋರಿಸಿದಳು. ಬೇಕರಿಯಾಕೆಯ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯಿತು. "ಅವರಪ್ಪನ ಕೋಪ," ಎಂದಳು.

ಅವತ್ತು ಸಂಜೆ ಮನೆಯಲ್ಲಿ ಅವಳು ಕೈಗವಸು ಹಾಕಿಕೊಳ್ಳಲಿಲ್ಲ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಒಂದು ಮಾತು ಹೇಳ್ತೀನಿ. ಯಾರು, ಎಲ್ಲಿ, ಅಂತ ಕೇಳಬೇಡ."

ಅಪ್ಪ ಕನ್ನಡಕ ಸರಿಮಾಡಿಕೊಂಡ.

"ಹೋದ ವರ್ಷ ಒಂದು ಕಡೆ ಒಂದು ಸಾವಿನ ಸುದ್ದಿ ಹೇಳಬೇಕಾಗಿತ್ತು. ಹೇಳಬೇಕಾದವರು ಹೇಳಲಿಲ್ಲ. ಸುತ್ತಿ ಬಳಸಿ ಏನೇನೋ ಅಂದ್ರು. ನಾನು ಹೇಳಿಬಿಟ್ಟೆ. ನನ್ನದಲ್ಲದ ಮಾತನ್ನ ನಾನು ಹೇಳಿದೆ." ಅವಳ ಕೈ ನಿಂತಿತು. ಮತ್ತೆ ಎದ್ದಿತು. "ಯಾಕೆ ಹೇಳಿದೆ ಗೊತ್ತಾ? ಅಮ್ಮನ ವಿಷಯದಲ್ಲಿ ತಪ್ಪು ಹೇಳಿದ್ದೆನಲ್ಲ, ಅದಕ್ಕೆ."

ಅಮ್ಮ ಹೋದಾಗ ಅವಳಿಗೆ ಹನ್ನೊಂದು ವರ್ಷ. ಆಗೆಲ್ಲ ಆಸ್ಪತ್ರೆಯಲ್ಲಿ ದುಭಾಷಿ ಎಲ್ಲಿಂದ ಬರಬೇಕು. ಡಾಕ್ಟರು ಹುಡುಗಿಯ ತಲೆ ಸವರಿ, ಇನ್ನು ಔಷಧಿ ಬೇಕಾಗಿಲ್ಲ ಅಂತ ನಿಮ್ಮಪ್ಪನಿಗೆ ಹೇಳಮ್ಮ ಎಂದಿದ್ದರು. ಔಷಧಿ ಬೇಡವೆಂದರೆ ಗುಣವಾಯಿತೆಂದೇ ಹುಡುಗಿಗೆ ಅರ್ಥ. ಅಪ್ಪನ ಮುಂದೆ ಕುಣಿಯುತ್ತ ಹೇಳಿದ್ದಳು, ಅಮ್ಮನಿಗೆ ವಾಸಿಯಾಯಿತಂತೆ ಅಂತ. ಅಪ್ಪ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ್ದ. ಅದಾಗಿ ಒಂಬತ್ತನೇ ದಿನ ಅಮ್ಮ ತೀರಿಕೊಂಡಳು.

"ಆ ಒಂಬತ್ತು ದಿನ ನಿನಗೆ ಗೊತ್ತಿಲ್ಲದ ಹಾಗೆ ಮಾಡಿದವಳು ನಾನು," ಎಂದಳು.

ಅಪ್ಪನ ಕೈ ಮೇಲೆದ್ದಾಗ ಎಂದಿನ ದೊಡ್ಡ ಬೀಸು ಇರಲಿಲ್ಲ.

"ನನಗೆ ಗೊತ್ತಿತ್ತು."

"ಏನು?"

"ನನಗೆ ಕಿವಿ ಕೇಳಲ್ಲ, ಕಣ್ಣು ಕಾಣಲ್ವಾ? ಡಾಕ್ಟರ ಮುಖ ಕಂಡಿತು. ನಿನ್ನ ತಲೆ ಸವರಿದ್ದು ಕಂಡಿತು. ಗುಣವಾದವರ ಮಕ್ಕಳ ತಲೆ ಯಾರೂ ಹಾಗೆ ಸವರಲ್ಲ. ನೀನು ಕುಣೀತಾ ಬಂದೆ. ನಿನ್ನ ಸಂತೋಷ ಯಾಕೆ ಕೆಡಿಸಲಿ ಅಂತ ಎತ್ತಿ ತಿರುಗಿಸಿದೆ. ಅಮ್ಮನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಈ ಮನೆಯಲ್ಲಿ ನೀನೊಬ್ಬಳೇ."

ಅವಳ ಕೈ ಮಡಿಲಿಗೆ ಬಿತ್ತು.

"ಹನ್ನೊಂದು ವರ್ಷದ ಮಗು ಕೈಲಿ ಅದನ್ನ ಹೇಳಿಸಬಾರದಾಗಿತ್ತು," ಎಂದ ಅಪ್ಪ. "ಅದು ನನ್ನ ತಪ್ಪು. ಕ್ಷಮೆ ಕೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನೀನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ." ಅವನು ಎದ್ದು ಒಳಗೆ ಹೋಗಿ ಮುಲಾಮಿನ ಟ್ಯೂಬು ತಂದ. ಹಳೆಯ ರಟ್ಟುಗಾರ, ಅಂಟು ಬಳಿಯುವ ಕೈ. ಒಂದು ಹನಿಯೂ ಹೆಚ್ಚುಕಡಿಮೆಯಾಗದಂತೆ ಅವಳ ಗೆಣ್ಣು ಗೆಣ್ಣಿಗೆ ತೆಳ್ಳಗೆ ಸವರಿದ. ಸವರುವಷ್ಟು ಹೊತ್ತು ಇಬ್ಬರ ಕೈಗೂ ಮಾತಾಡಲು ಬಿಡುವಿರಲಿಲ್ಲ. ಅಳುವುದಕ್ಕೆ ಕೈ ಬೇಕಾಗಿರಲಿಲ್ಲ.

ಮುಂದಿನ ಮೂರು ದಿನಗಳಲ್ಲಿ ಕೈಗಳಲ್ಲೇನೂ ಬದಲಾವಣೆ ಆಗಲಿಲ್ಲ. ಬುಧವಾರ ಮೊಣಕೈಯಲ್ಲಿ ಹೊಸದೊಂದು ತೇಪೆ ಎದ್ದಿತ್ತು. ಮಂಗಳವಾರ ಮಾತ್ರ ಆರು ಗಂಟೆ ನಿದ್ದೆ ಬಂದಿತ್ತು. ಗುರುವಾರ ಬೆಳಿಗ್ಗೆ ದಾಖಲೆ ವಿಭಾಗದಲ್ಲಿ ಒಂದು ಗಂಟೆಯ ಅನುಮತಿ ಕೇಳಿದಳು. ಎರಡನೇ ಮಹಡಿಯ ಕೋಣೆಗೆ ಹೋಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಾಲ್ಕನೇ ಮಹಡಿಗೆ ಹತ್ತಿದಳು.

ಬೇಕರಿಯಾಕೆಯ ಮುಖದ ಊತ ಇಳಿದಿತ್ತು. ರಕ್ತದೊತ್ತಡ ಇನ್ನೂ ಪೂರ್ತಿ ಹತೋಟಿಗೆ ಬಾರದ್ದರಿಂದ ಎಡಗೈಗೆ ಡ್ರಿಪ್ಪು ಹಾಕಿ, ಅಲುಗಾಡದಂತೆ ಹಲಗೆಗೆ ಪಟ್ಟಿ ಸುತ್ತಿದ್ದರು. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಟೋಪಿಯೊಳಗೆ ಅರ್ಧ ಮುಖ ಮುಚ್ಚಿಹೋದ ಮಗು ನಿದ್ದೆ ಮಾಡುತ್ತಿತ್ತು. ಹಿರಿಯ ನರ್ಸು ಮಂಚದ ಕಾಲ ಬಳಿ ನಿಂತು ಚೀಟಿ ಬರೆಯುತ್ತಿದ್ದಳು.

"ಬೆಳಿಗ್ಗೆಯಿಂದ ಇವಳು ಏನೋ ಕೇಳ್ತಾನೇ ಇದಾಳೆ ಮೇಡಂ," ಎಂದಳು ನರ್ಸು. "ಒಂದೇ ಕೈಯಲ್ಲಿ ಏನೋ ಮಾಡ್ತಾಳೆ, ನನಗೆ ತಲೆಬುಡ ಗೊತ್ತಾಗ್ತಿಲ್ಲ."

ಬೇಕರಿಯಾಕೆ ಬಲಗೈ ಎತ್ತಿ, ಬೆರಳುಗಳನ್ನು ಓರೆಯಾಗಿ ಗಾಳಿಗೆ ಆನಿಸಿ ನಿಲ್ಲಿಸಿದಳು. ಅರ್ಧ ಸನ್ನೆ. ಇನ್ನರ್ಧಕ್ಕೆ ಬೇಕಾದ ಕೈ ಹಲಗೆಯ ಮೇಲೆ ಬಿದ್ದಿತ್ತು. ಅವಳಿಗೂ ಅರ್ಥವಾಗಲಿಲ್ಲ. ಬಗ್ಗಿ, "ಏನು?" ಎಂದು ಕೇಳಿದಳು.

ಬೇಕರಿಯಾಕೆ ಅವಳ ಎಡಗೈಯನ್ನು ಹಿಡಿದು ತನ್ನ ಎದೆಯ ಮುಂದಕ್ಕೆ ಎಳೆದುಕೊಂಡು, ಬೆರಳುಗಳನ್ನು ನೇರ ಮಾಡಿ, ಅವುಗಳ ತುದಿಗೆ ತನ್ನ ಬಲಗೈಯ ಬೆರಳ ತುದಿಗಳನ್ನು ಒರಗಿಸಿದಳು. ಎರಡು ಕೈ ಕೂಡಿ ಒಂದು ಇಳಿಜಾರಿನ ಸೂರು ನಿಂತಿತು. ಮನೆ. ಬೇಕರಿಯಾಕೆ ಹುಬ್ಬೆತ್ತಿ, ತಲೆಯನ್ನು ಬಾಗಿಲ ಕಡೆ ಆಡಿಸಿದಳು. ಯಾವಾಗ?

ಅವಳು ಕೈ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು, ಕತ್ತು ಮಾತ್ರ ತಿರುಗಿಸಿ ನರ್ಸನ್ನು ಕೇಳಿದಳು.

"ನಾನು ಯಾವಾಗ ಮನೆಗೆ ಹೋಗಬಹುದು?"